ಮತ್ತು ಸಂಗಡಿಗರು

ಮಳೆಗಾಲ ಹಿಂದೆ ಸರಿಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಉತ್ಸವಗಳ ಸುಗ್ಗಿ. ಕಿತ್ತೂರಿಗೊಂದು, ಚಾಲುಕ್ಯರಿಗೊಂದು, ಮುಧೋಳದ ರನ್ನನಿಗೊಂದು, ಸಂಗೊಳ್ಳಿಯ ರಾಯಣ್ಣನಿಗೊಂದು. ಇದು ಯಾವ ಉತ್ಸವದ ಮಾತು ಎಂದು ಕೇಳಬೇಡಿ. ಬ್ಯಾನರ್ ಬದಲಾಗುತ್ತದೆ, ಪೆಂಡಾಲಿನವನು ಬದಲಾಗುವುದಿಲ್ಲ. ಪ್ರತಿಯೊಂದಕ್ಕೂ ಮೊದಲು ಪೂರ್ವಭಾವಿ ಸಭೆ ನಡೆಯುತ್ತದೆ. ಗೋಡಂಬಿಯ ತಟ್ಟೆ ಖಾಲಿಯಾಗುವ ಹೊತ್ತಿಗೆ ಯಾರಾದರೊಬ್ಬರು ಗಂಟಲು ಸರಿಪಡಿಸಿಕೊಂಡು, "ಎಲೆಮರೆಯ ಕಾಯಿಗಳಂತಿರುವ ನಮ್ಮ ಸ್ಥಳೀಯ ಕಲಾವಿದರನ್ನು ಹುಡುಕಿ ಗುರುತಿಸಬೇಕು" ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಉಪಸಮಿತಿಯೊಂದು ಹುಟ್ಟುತ್ತದೆ.

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಯಾವುದೋ ಪಲ್ಲಕ್ಕಿಯ ಮುಂದೆ ಕರಡಿ ಮಜಲು ಹೊರಟಿರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಅಧ್ಯಕ್ಷರು ಸಿಪಾಯಿಯನ್ನು ಕರೆದು ಕಿಟಕಿ ಮುಚ್ಚಿಸುತ್ತಾರೆ. ಕಲಾವಿದರ ಹುಡುಕಾಟ ನಿರಾತಂಕವಾಗಿ ಮುಂದುವರಿಯುತ್ತದೆ.

ಕರಡಿ ಮಜಲು ಕೇಳದವರಿಗಾಗಿ ಎರಡು ಮಾತು. ಕರಡಿ ಎಂಬ ಚರ್ಮವಾದ್ಯ, ಶಹನಾಯಿಯಂಥ ಸನಾದಿ, ಶ್ರುತಿ, ತಾಳ. ಸನಾದಿಯವನು ರಾಗದೊಳಗೆ ಓಡಾಡಿಕೊಂಡಿರುತ್ತಾನೆ, ಕರಡಿಯವನು ಕುಣಿಯುತ್ತಾನೆ, ಜನ ಇವರಿಬ್ಬರನ್ನೇ ನೋಡುತ್ತಾರೆ. ನೀವು ಪಕ್ಕದಲ್ಲಿ ಶ್ರುತಿ ಹಿಡಿದವನನ್ನು ನೋಡಿ. ಅವನಿಗೆ ಇರುವುದು ಒಂದೇ ಸ್ವರ. ಮೆರವಣಿಗೆ ಹೊರಟಲ್ಲಿಂದ ಗುಡಿ ಮುಟ್ಟುವ ತನಕ ಆ ಸ್ವರ ತುಂಡಾಗಕೂಡದು. ಗಲ್ಲಗಳಲ್ಲಿ ಗಾಳಿ ಕೂಡಿಟ್ಟುಕೊಂಡು, ಅದನ್ನು ಊದುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾನೆ. ಕಣ್ಣು ಕೆಂಪಾಗಿರುತ್ತವೆ, ಕತ್ತಿನ ನರ ಎದ್ದಿರುತ್ತದೆ. ಉತ್ಸವದ ದಿನ ಈ ಮೇಳವನ್ನು ಮಟಮಟ ಮಧ್ಯಾಹ್ನದಲ್ಲಿ ಗಣ್ಯರ ವಾಹನದ ಮುಂದೆ ನಡೆಸುತ್ತಾರೆ. ವೇದಿಕೆ ಬಂದ ಕೂಡಲೇ ಪೊಲೀಸರು ಕೈಯಡ್ಡ ಹಿಡಿದು ನಿಲ್ಲಿಸುತ್ತಾರೆ. ನಿರೂಪಕಿ ಮೈಕು ಹಿಡಿದು, "ಇದೀಗ ಸಂಗೀತ ಕಾರ್ಯಕ್ರಮ ಆರಂಭ" ಎಂದು ಘೋಷಿಸುತ್ತಾಳೆ.

ಆಮಂತ್ರಣ ಪತ್ರಿಕೆಯನ್ನು ನೀವು ನೋಡಿರುತ್ತೀರಿ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಪುಟಗಟ್ಟಲೆ ಹೆಸರುಗಳು. ಒಂದು ಹೆಸರಿನ ಅಕ್ಷರ ಗಾತ್ರ ತುಸು ಕುಗ್ಗಿದರೂ ಜಿಲ್ಲಾ ರಾಜಕಾರಣ ಅಲ್ಲಾಡುತ್ತದೆ. ಕೊನೆಯ ಪುಟದ ತಳದಲ್ಲಿ, ಮುದ್ರಣಾಲಯದ ವಿಳಾಸಕ್ಕಿಂತ ಸ್ವಲ್ಪ ಮೇಲೆ, ಕಲಾವಿದರು: ಇಂಥವರು ಮತ್ತು ಸಂಗಡಿಗರು, ಇಂಥ ಊರು. ಈ ಸಂಗಡಿಗರು ಮಾತ್ರ ಅಸಾಧ್ಯ ಪ್ರತಿಭಾವಂತರು. ಒಂದೇ ಸಂಜೆ ಡೊಳ್ಳು ಬಾರಿಸುತ್ತಾರೆ, ಭಜನಾ ಪದ ಹಾಡುತ್ತಾರೆ, ಚೌಡಿಕೆ ಮೀಟುತ್ತಾರೆ, ಮೊಹರಂನ ರಿವಾಯತ್ ಪದ ಹೇಳುತ್ತಾರೆ. ಮೂರೂ ಜಿಲ್ಲೆಗಳಲ್ಲಿ ಅವರಷ್ಟು ಕಾರ್ಯಕ್ರಮ ಕೊಟ್ಟವರು ಬೇರೆ ಯಾರೂ ಇಲ್ಲ.

ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದ. ಸಂಗೀತದ ಹುಚ್ಚಿನಲ್ಲಿ ತೊರವಿಯ ಬಳಿ ನವರಸಪುರ ಎಂಬ ಊರನ್ನೇ ಕಟ್ಟಿಸಿದ. ಅವನ ತಂಬೂರಿಗೆ ಮೋತಿ ಖಾನ್ ಎಂಬ ಹೆಸರಿತ್ತು. ಆಗ ವಾದ್ಯಕ್ಕೂ ಹೆಸರು. ಈಗ ನುಡಿಸುವವನಿಗೂ ಇಲ್ಲ.

ಸ್ಥಳೀಯರಿಗೆ ವೇದಿಕೆಯ ಮೇಲೂ ಅವಕಾಶ ಉಂಟು, ಸುಳ್ಳೇಕೆ ಹೇಳಬೇಕು. ತಲಾ ಐದು ನಿಮಿಷ. ಗೀಗೀ ಮೇಳದವರು ದಪ್ಪು, ತುಂತುಣಿ ಹಿಡಿದು ಹತ್ತುತ್ತಾರೆ. ಹರದೇಶಿಯವರು ಗಂಡು ಹೆಚ್ಚು ಎಂದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಬೆಳಗಾಗುವ ತನಕ ಸವಾಲು ಜವಾಬು ನಡೆಸುವ ಹಾಡು ಅದು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಬೆಳೆದ ನೆಲ. ಐದು ನಿಮಿಷದಲ್ಲಿ ಗಣಪತಿ ಸ್ತುತಿ ಮುಗಿಯುವಷ್ಟರಲ್ಲಿ ಸಂಘಟಕರು ಚೀಟಿ ಕೊಡುತ್ತಾರೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು ಮುಂದಿನ ವರ್ಷಕ್ಕೆ. ಶ್ರೀಕೃಷ್ಣ ಪಾರಿಜಾತದವರ ಪಾಡು ಇನ್ನೂ ಕಷ್ಟ. ಪಾರಿಜಾತ ರುಕ್ಮಿಣಿಗೆ ಸಿಕ್ಕಿದ್ದಕ್ಕೆ ಸತ್ಯಭಾಮೆ ಮುನಿಯಬೇಕು, ಆ ಮುನಿಸೇ ರಾತ್ರಿಯೆಲ್ಲ ನಡೆಯುವ ಆಟ. ಕೌಜಲಗಿ ನಿಂಗಮ್ಮನವರು ಹಾಡಿದ ಆಟವಿದು. ಈಗ ಸತ್ಯಭಾಮೆಗೆ ಮುನಿಯಲು ಸಮಯವೇ ಇಲ್ಲ. ಹೂವು ಕೊಟ್ಟ, ಸರಿ ಬಿಡು ಎಂದು ಇಳಿದುಬಿಡಬೇಕು.

ಏಕೆಂದರೆ ಮುಂಬೈನ ಗಾಯಕರು ಬಂದಿಳಿದಿರುತ್ತಾರೆ. ಅವರಿಗೆ ಎರಡೂವರೆ ಗಂಟೆ, ಮಂಜಿನ ಹೊಗೆ, ಮುಂಗಡ ಹಣ. ಅರ್ಧ ಹಾಡು ಧ್ವನಿಮುದ್ರಿಕೆಯೇ ಹಾಡುತ್ತದೆ, ಉಳಿದರ್ಧ ನಮ್ಮ ಜನ ಹಾಡುತ್ತಾರೆ.

ಹೊರಗಿನವರು ಹೇಳದೆ ನಮಗೆ ನಮ್ಮ ಸ್ವರ ಕೇಳಿಸುವುದಿಲ್ಲ ಎಂಬುದು ಹೊಸ ಕಾಯಿಲೆಯೇನಲ್ಲ. ಬೀಳಗಿಯ ಸನಾದಿ ಅಪ್ಪಣ್ಣನನ್ನು ನಾಡು ಅರಿತದ್ದು 1977ರ ಸಿನಿಮಾದಿಂದ. ಅದರಲ್ಲಿ ಅಪ್ಪಣ್ಣನ ಪಾತ್ರ ರಾಜಕುಮಾರರದು, ಶಹನಾಯಿಯ ಉಸಿರು ಬಿಸ್ಮಿಲ್ಲಾ ಖಾನರದು. ಖಾನರು ಅದ್ಭುತವಾಗಿ ನುಡಿಸಿದ್ದಾರೆ, ಆ ಮಾತು ಬೇರೆ. ಅದೇ ಬೀಳಗಿಯ ಅಮೀರಬಾಯಿ ಕರ್ನಾಟಕಿ 1940ರ ದಶಕದ ಹಿಂದಿ ಚಿತ್ರಗಳಲ್ಲಿ ಹಾಡಿ ದೇಶವನ್ನೇ ಮರುಳು ಮಾಡಿದರು. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವ, ಕ್ಷಯದಿಂದ ಹಾಸಿಗೆ ಹಿಡಿದು ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದ್ದಾಗ ಬೀದಿಯಲ್ಲಿ ಸಾಗುತ್ತಿದ್ದ ಮಾಳವದ ಹಾಡುಗಳಿಗೆ ಕಿವಿಗೊಟ್ಟರು. ಮುಂದೆ ಅವುಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಅವರ ಬಳಿ ಉಪಸಮಿತಿ ಇರಲಿಲ್ಲ. ಕಿಟಕಿ ತೆರೆದಿತ್ತು, ಅಷ್ಟೇ. ಈಗ ಬೆಳಗಾವಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ.

ಇತ್ತೀಚೆಗೆ ಮೊಬೈಲ್ ಹಿಡಿದ ಸಂಶೋಧಕರೂ ಬರುತ್ತಿದ್ದಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜೋಗತಿಯೊಬ್ಬಳು ಬಗಲಿಗೆ ಚೌಡಿಕೆ ಇಟ್ಟುಕೊಂಡು ಹಾಡುವುದನ್ನು ಅರ್ಧ ನಿಮಿಷ ಚಿತ್ರೀಕರಿಸಿ, ಕೆಳಗೆ ಡಿಜೆ ಬಡಿತ ಜೋಡಿಸಿ, "ಅಪರೂಪದ ಪ್ರತಿಭೆ ಪತ್ತೆ" ಎಂದು ಹಾಕುತ್ತಾರೆ. ಬನದ ಹುಣ್ಣಿಮೆಗೆ ಲಕ್ಷಾಂತರ ಜನ ಕೇಳಿಕೊಂಡೇ ಬಂದ ದನಿ ಇದು. ಪತ್ತೆ ಮಾಡಿದವನ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಜೋಗತಿಯ ಹೆಸರನ್ನು ಕೇಳುವ ಪುರುಸೊತ್ತು ಅವನಿಗೆ ಇರಲಿಲ್ಲ.

ಉತ್ಸವ ಮುಗಿದ ಮೇಲೆ ನಮ್ಮ ಶ್ರುತಿಯವನು ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು ಹೋಗುತ್ತಾನೆ. ಕಲಾವಿದ ಎಂಬುದಕ್ಕೆ ಪುರಾವೆ ಬೇಕು, ಹೆಸರು ಅಚ್ಚಾದ ಆಮಂತ್ರಣ ಪತ್ರಿಕೆ ತಾ ಎನ್ನುತ್ತಾರೆ. ಅವನು ಪ್ಲಾಸ್ಟಿಕ್ ಚೀಲ ಬಿಚ್ಚುತ್ತಾನೆ. ಒಂದು ಆಯುಷ್ಯದ ಆಮಂತ್ರಣಗಳು, ಎಲ್ಲದರಲ್ಲೂ ಅವನಿದ್ದಾನೆ. ಗುಮಾಸ್ತರು ಕೆಟ್ಟವರಲ್ಲ, ಒಂದೊಂದನ್ನೂ ಸಹನೆಯಿಂದ ತಿರುವಿ ನೋಡುತ್ತಾರೆ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಆಮೇಲೆ ದನಿ ತಗ್ಗಿಸಿ ಉಪಾಯ ಹೇಳಿಕೊಡುತ್ತಾರೆ: "ಆಧಾರ್ ಕಾರ್ಡಿನಲ್ಲಿ ನಿಮ್ಮ ಹೆಸರನ್ನು ‘ಸಂಗಡಿಗರು’ ಎಂದು ತಿದ್ದಿಸಿಕೊಂಡು ಬನ್ನಿ. ದಾಖಲೆಗಳು ಹೊಂದಿಕೆಯಾಗುತ್ತವೆ."