ಲಿಂಕ್ ಹಾಕಿದೀನಿ, ನೋಡಿದ್ರಾ?

ನಮ್ಮ ಭಾವ ಒಬ್ರು ಸೋಮವಾರಪೇಟೆ ಕಡೆ ಇದಾರೆ, ಹತ್ತು ಎಕರೆ ತೋಟ, ಒಳ್ಳೆ ಮನುಷ್ಯ, ಊಟಕ್ಕೆ ಕೂತವರನ್ನ ಅರ್ಧ ಹೊಟ್ಟೇಲಿ ಏಳೋಕೆ ಬಿಡೋರಲ್ಲ. ಒಂದೇ ತೊಂದರೆ ಅಂದ್ರೆ ಲಿಂಕು. ಬೆಳಗ್ಗೆ ಐದೂವರೆಗೆ ಎದ್ದು ಮುಖಕ್ಕೆ ನೀರು ತಾಗಿಸೋ ಮೊದ್ಲೇ ಹದಿನಾಲ್ಕು ಲಿಂಕ್ ಕಳ್ಸಿ ಆಗಿರ್ತದೆ. ಕಾಫಿ ರೇಟು, ಆನೆ ಎಲ್ಲುಂಟು, ಮೊಣಕಾಲು ನೋವಿಗೆ ಏನು ಕುಡೀಬೇಕು, ಬ್ರೆಜಿಲಲ್ಲಿ ಹಿಮ ಬಿತ್ತಾ, ಮಂಗಳ ಗ್ರಹದಲ್ಲಿ ನೀರು ಸಿಕ್ತಾ, ಎಲ್ಲಾ ಒಟ್ಟಿಗೆ. ಆರು ಗಂಟೆಗೆ ಫೋನು. "ಹಾಕಿದೀನಿ, ನೋಡಿದ್ರಾ?" ನೋಡ್ದೆ ಭಾವ, ತುಂಬಾ ಚೆನ್ನಾಗಿತ್ತು ಅಂತೀನಿ. ಏನು ಚೆನ್ನಾಗಿತ್ತು ಅಂತ ಅವರು ಕೇಳಲ್ಲ, ಕೇಳಿದ್ರೆ ಇಬ್ಬರಿಗೂ ಕಷ್ಟ, ಯಾಕಂದ್ರೆ ಅವರೂ ಓದಿರಲ್ಲ.

ಇದು ಭಾವನ ಒಬ್ರ ಕಥೆ ಅಲ್ಲ ಬಿಡಿ. ನಮ್ಮ ಜಿಲ್ಲೇಲಿ ಈಗ ಲಿಂಕ್ ಕಳಿಸೋದು ಅಂದ್ರೆ ಎಲೆ ಅಡಿಕೆ ತಟ್ಟೆ ಮುಂದೆ ಇಟ್ಟ ಹಾಗೆ, ತಗೊಳ್ಲಿ ಬಿಡ್ಲಿ ಇಟ್ಟಿದ್ದೇ ಮರ್ಯಾದೆ.

ಮಳೆ ವಿಷಯಾನೇ ತಗೊಳ್ಳಿ. ತೋಟ ಇರೋ ಮನೆ ಅಂದ್ಮೇಲೆ ಅಂಗಳದಲ್ಲಿ ಮಳೆ ಅಳೆಯೋ ಡಬ್ಬಿ ಒಂದು ಇದ್ದೇ ಇರ್ತದೆ. ಬೆಳಗ್ಗೆ ಎದ್ದು ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಅಳೆದು ಡೈರೀಲಿ ಬರೆಯೋದು, ಆಮೇಲೆ ಪಕ್ಕದ ತೋಟದವರಿಗೆ "ನಿಮ್ಮಲ್ಲಿ ಎಷ್ಟು?" ಅಂತ ಕೇಳೋದು, ಅವರಿಗೆ ಐದು ಸೆಂಟ್ ಜಾಸ್ತಿ ಬಿದ್ದಿದ್ರೆ ಒಳಗೊಳಗೇ ಬೇಜಾರು ಮಾಡ್ಕೊಳ್ಳೋದು, ಇದು ನಮ್ಮ ಪದ್ಧತಿ. ಭಾವನ ಅಪ್ಪ ನಲವತ್ತು ವರ್ಷ ಬರೆದ ಡೈರಿಗಳು ಇವತ್ತಿಗೂ ಅಟ್ಟದ ಮೇಲುಂಟು, ಯಾವ ವರ್ಷ ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಂತು ಅಂತ ಅದ್ರಲ್ಲಿ ಸಿಗ್ತದೆ. ಅದೇ ಮನೆ ಅಂಗಳದಲ್ಲಿ ಕೊಡೆ ಹಿಡ್ಕೊಂಡು, ಮೊಣಕಾಲುದ್ದ ನೀರಲ್ಲಿ ನಿಂತು, ಭಾವ ಗ್ರೂಪಿಗೆ ಲಿಂಕ್ ಹಾಕ್ತಾರೆ: "ಕೊಡಗಿನಲ್ಲಿ ಮುಂದಿನ 3 ಗಂಟೆ ಭಾರಿ ಮಳೆ." ಯಾವತ್ತಿನ ಮುಂದಿನ ಮೂರು ಗಂಟೆ ಅಂತ ಯಾರಿಗೂ ಗೊತ್ತಿಲ್ಲ. ಯಾಕಂದ್ರೆ ಜುಲೈಲಿ ಮರ ಬಿದ್ದು ಲೈನ್ ತುಂಡಾದ್ರೆ ಮೂರು ದಿನ ಕರೆಂಟ್ ಇಲ್ಲ, ಟವರಿಗೆ ಡೀಸೆಲ್ ಖಾಲಿ, ನಾಲ್ಕನೇ ದಿನ ಕರೆಂಟ್ ಬಂದ ಕೂಡ್ಲೇ ಕಣಜದ ಗೂಡಿಗೆ ಕಲ್ಲು ಬಿದ್ದ ಹಾಗೆ ಫೋನು ಗುಂಯ್ ಅನ್ತದೆ, 214 ಮೆಸೇಜು, ಹೊರಗೆ ನೋಡಿದ್ರೆ ಚಂದದ ಬಿಸಿಲು, ಒಳಗೆ ರೆಡ್ ಅಲರ್ಟು. 2018ರ ಆಗಸ್ಟಲ್ಲಿ ಗುಡ್ಡ ಕುಸಿದಿದ್ದು ಕಣ್ಣಾರೆ ಕಂಡ ಜನ ನಾವು, ಆದ್ರೂ ಅದೇ ವರ್ಷದ ವಿಡಿಯೋ ಪ್ರತಿ ಮಳೆಗಾಲ "ಈಗಷ್ಟೇ ಬಂದ ಸುದ್ದಿ" ಅಂತ ವಾಪಸ್ ಬರ್ತದೆ, ನಾವೂ ಅಯ್ಯೋ ಅಂತ ಮುಂದಕ್ಕೆ ತಳ್ತೀವಿ.

ಜುಲೈ-ಆಗಸ್ಟಲ್ಲಿ ಬರೋ ನಮ್ಮ ಕಕ್ಕಡ ತಿಂಗಳಲ್ಲಂತೂ ಕೇಳ್ಬೇಡಿ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡೋದು ನಮ್ಮಲ್ಲಿ ಇದ್ದದ್ದೇ, ಆವತ್ತು ಆ ಸೊಪ್ಪಲ್ಲಿ ಹದಿನೆಂಟು ಮದ್ದು ಸೇರಿರ್ತದೆ ಅಂತ ಹಿರಿಯರ ನಂಬಿಕೆ. ಗಿಡ ಹಿತ್ತಲಲ್ಲೇ ಉಂಟು. ಹೋದ ವರ್ಷ ಅದರ ಗುಣದ ಬಗ್ಗೆ ಆರು ಗ್ರೂಪಲ್ಲಿ ಒಂದೇ ಲಿಂಕ್ ಬಂತು, ಎಲ್ಲರೂ ಮುಂದಕ್ಕೆ ಕಳ್ಸೋದ್ರಲ್ಲಿ ಬಿಜಿ, ಸೊಪ್ಪು ಕೊಯ್ಯೋಕೆ ಜನ ಇಲ್ಲ. ಕೊನೆಗೆ ಬೆಂಗಳೂರಿಂದ ಬಂದಿದ್ದ ಅಳಿಯನಿಗೆ ಪಾಯಸ ಬಡಿಸಿದ್ವಿ. ಮೂತ್ರ ಕೆಂಪಾಗ್ತದೆ, ಹೆದರ್ಬೇಡ ಅಂತ ಹೇಳೋದನ್ನ ಮರ್ತೆವು. ಲಿಂಕಲ್ಲಿ ಎರಡನೇ ಪ್ಯಾರಾದಲ್ಲೇ ಇತ್ತಂತೆ. ಬೆಳಗಿನ ಜಾವ ಹುಡುಗ ಬಿಳಿಚ್ಕೊಂಡು ನಿಂತಿದ್ದ, ಆ ಲಿಂಕ್ ಅವನೂ ಮೂರು ಜನಕ್ಕೆ ಕಳ್ಸಿದ್ದ.

ಕಂಪ್ಯೂಟರ್ ಕೆಲಸ ಅವನದ್ದು, ಅದಕ್ಕೇ ಸಮಾಧಾನ ಹೇಳ್ದ. ಮಾವ, ಇದು ಕೊಡಗಿನ ಕಾಯಿಲೆ ಅಲ್ಲ, 2016ರಲ್ಲಿ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯವರು ಫ್ರಾನ್ಸಿನವರ ಜೊತೆ ಸೇರಿ ಲೆಕ್ಕ ಹಾಕಿದ್ರು, ಟ್ವಿಟರಲ್ಲಿ ಹಂಚಿದ ಸುದ್ದಿ ಲಿಂಕಲ್ಲಿ ನೂರಕ್ಕೆ 59 ಯಾರೂ ಒತ್ತಿಯೇ ನೋಡಿರ್ಲಿಲ್ಲವಂತೆ. ಅಂದ್ರೆ 41 ಒತ್ತಿದಾರಾ? ನಂಗೆ ಅದೇ ಜಾಸ್ತಿ ಅನ್ನಿಸ್ತು, ನಮ್ಮ ಗ್ರೂಪಲ್ಲಿ ಲೆಕ್ಕ ಹಾಕೋಕೆ ಬಂದಿದ್ರೆ ಗೊತ್ತಾಗ್ತಿತ್ತು. 2018ರಲ್ಲಿ ವಾಟ್ಸಾಪಿನವರು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಆಗ್ಬಾರ್ದು ಅಂತ ಇಂಡಿಯಾಕ್ಕೇ ಬೇಲಿ ಹಾಕಿದ್ರು. ಆನೆಗೆ ಕಂದಕ ತೋಡಿದ ಹಾಗೆ ಆಯ್ತು ಅದು. ಭಾವ ಐದೈದು ಜನರ ಕಂತು ಮಾಡಿ ಹನ್ನೊಂದು ಕಂತಲ್ಲಿ ದಾಟಿಸಿದ್ರು.

ನಾನೇನು ಸಾಚಾ ಅಂತಲ್ಲ. ನಂದು ಹಂಚೋ ಚಟ ಅಲ್ಲ, ಕೂಡಿಡೋ ಚಟ. ಪಾಕೆಟ್ ಅಂತ ಒಂದು ಆಪ್ ಇತ್ತು, 2007ರಲ್ಲಿ ಶುರುವಾಗುವಾಗ ಅದರ ಹೆಸರೇ "ರೀಡ್ ಇಟ್ ಲೇಟರ್", ಆಮೇಲೆ ಓದೋಣ ಅಂತ. ನಂಗೆ ಅಂತಲೇ ಮಾಡಿದ ಹಾಗಿತ್ತು. ಒಣಗಿಸಿದ ಕಾಫಿ ಹಣ್ಣಿನ, ಅಂದ್ರೆ ಚೆರಿ ಮೂಟೆ ಗೋಡೌನಲ್ಲಿ ರೇಟ್ ಬರ್ಲಿ ಅಂತ ಇಟ್ಟ ಹಾಗೆ ವರ್ಷಗಟ್ಲೆ ತುಂಬಿಸ್ದೆ. ಕಾಫಿಗಾದ್ರೆ ಒಂದಲ್ಲ ಒಂದು ದಿನ ರೇಟ್ ಬರ್ತದೆ. ಈ ಆಪನ್ನ ಅದರ ಮಾಲೀಕರಾದ ಮೊಝಿಲ್ಲಾ ಕಂಪನಿಯವರು 2025ರ ಜುಲೈ 8ಕ್ಕೆ ಬಾಗಿಲು ಹಾಕಿದ್ರು, ನಿಮ್ಮ ಲಿಂಕೆಲ್ಲ ಇಳಿಸ್ಕೊಳ್ಳಿ ಅಂತ ಮೇಲ್ ಬಂದಿತ್ತು, ಆ ಮೇಲನ್ನೂ ಆಮೇಲೆ ಓದೋಣ ಅಂತ ಇಟ್ಟೆ. ಇಳಿಸ್ಕೊಂಡಿದ್ರೂ ಏನು ಸಿಗ್ತಿತ್ತೋ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡ 38 ಹತ್ತು ವರ್ಷದಲ್ಲಿ ಮಾಯ ಅಂತ ಅಮೆರಿಕದ ಪ್ಯೂ ರಿಸರ್ಚ್ ಸೆಂಟರಿನವರು ಹೇಳ್ತಾರೆ. ಇದನ್ನ ಭಾವನಿಗೆ ಹೇಳಿ, ನೀವು ಕಳ್ಸಿದ ಹಳೇ ಲಿಂಕೂ ತೆರೀತಾ ಇಲ್ಲ ಅಂದೆ. "ನಾನು ಕಳ್ಸುವಾಗ ಇತ್ತು ಮಾರಾಯ" ಅಂದ್ರು, ಹೇಗೆ ಗೊತ್ತಾಯ್ತೋ ದೇವ್ರೇ ಬಲ್ಲ.

ಕಳೆದ ತಿಂಗಳು ನಂಗೂ ಒಂದು ಉಮೇದು ಬಂತು. ಕಾಫಿ ಕಾಯಿ ಹಾಳು ಮಾಡೋ ಕಾಯಿ ಕೊರಕ ಹುಳದ ಬಗ್ಗೆ ಒಂದು ಒಳ್ಳೆ ಲೇಖನ ಸಿಕ್ಕಿತ್ತು, ಪೂರ್ತಿ ಓದಿದ್ದೆ ಕೂಡ. "ಬೆಳೆಗಾರರು ಓದಲೇಬೇಕಾದ ಮಾಹಿತಿ" ಅಂತ ತಲೆಬರಹ ಟೈಪ್ ಮಾಡಿ ಗ್ರೂಪಿಗೆ ಹಾಕ್ದೆ. ಕಾಪಿ ಮಾಡುವಾಗ ತಪ್ಪಿ ಹೋಗಿದ್ದು ಮನೆಯವಳು ನೋಡ್ತಿದ್ದ ಕುಕ್ಕರ್ ಗ್ಯಾಸ್ಕೆಟ್ಟಿನ ಲಿಂಕು. ಲಿಂಕಿನ ಜೊತೆ ಕಪ್ಪು ರಬ್ಬರ್ ರಿಂಗಿನ ಫೋಟೋ ಕೂಡ ದೊಡ್ಡದಾಗಿ ಬಂದಿತ್ತು. ಹನ್ನೊಂದು ಜನ ಕೈ ಮುಗಿದ್ರು. ರಿಟೈರ್ಡ್ ಮೇಷ್ಟ್ರೊಬ್ರು "ಸಕಾಲಿಕ ಬರಹ, ಸರಕಾರ ಇನ್ನಾದರೂ ಕಣ್ಣು ತೆರೆಯಲಿ" ಅಂತ ಬರೆದ್ರು. ಸಂಜೆ ಭಾವನ ಫೋನು, "ಒಂದು ಒಳ್ಳೆ ಲಿಂಕ್ ಹಾಕಿದೀನಿ, ನೋಡಿದ್ರಾ?" ನೋಡಿದ್ರೆ ಅದೇ ರಿಂಗು, ಎಷ್ಟೋ ಕೈ ದಾಟಿ ನಂಗೇ ವಾಪಸ್ ಬಂದಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಕ್ಕಿ ರೊಟ್ಟಿ ಹಾಕ್ತಾ ಮನೆಯವಳು ಹೇಳಿದ್ಳು: "ನಿಮ್ಮ ಗ್ರೂಪಲ್ಲಿ ಬಂದ ಲಿಂಕ್ ತೆಗ್ದು ನೋಡ್ದೆ, ಅದು ಮೂರು ಲೀಟರಿಂದು. ನಮ್ಮ ಕುಕ್ಕರ್ ಐದು ಲೀಟರ್."