ಹಂಪಿಗೆ ಮೇ ತಿಂಗಳಲ್ಲಿ ಬೇಡ, ಪುಷ್ಯ ಮಳೆ ಹಿಡಿಯಲಿ

ಬಿಸಿಲು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ. ಆದರೂ ಇಷ್ಟು ವರ್ಷ ನಾವು ಊರೂರು ತಿರುಗಿದ್ದು ಏಪ್ರಿಲ್, ಮೇ ತಿಂಗಳಲ್ಲೇ. ಮಕ್ಕಳಿಗೆ ರಜೆ ಇರೋದು ಆಗ ತಾನೆ ಅಂತ. ಅದು ತಪ್ಪು ಲೆಕ್ಕ ಅಂತ ಗೊತ್ತಾಗಿದ್ದು ಹಂಪಿಯಲ್ಲಿ, ಅಮ್ಮನ ಮುಖ ನೋಡಿದಾಗ.

ಅವತ್ತು ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬಂದಿಳಿದೆವು. ರೂಮು, ಸ್ನಾನ, ತಿಂಡಿ ಅಂತ ಮುಗಿಸಿ ವಿರೂಪಾಕ್ಷ ದೇವಸ್ಥಾನ ತಲುಪುವಾಗ ಹತ್ತೂವರೆ ದಾಟಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಳದ ಕಲ್ಲು ಚುರ್ ಅಂತು. ಮಕ್ಕಳು ಒಂದು ಕಂಬದ ನೆರಳಿನಿಂದ ಇನ್ನೊಂದರ ನೆರಳಿಗೆ ಓಡಿದರು. ಅಮ್ಮನಿಗೆ ಓಡಲು ಆಗುತ್ತದಾ? ಸೀರೆ ನೆರಿಗೆ ಎತ್ತಿ ಹಿಡಿದು, ಹಿಮ್ಮಡಿ ಮೇಲೆ ಹೆಜ್ಜೆ ಇಡುತ್ತಾ, "ಕಲ್ಲಲ್ಲ ಕಣೇ, ಒಲೆ ಮೇಲಿನ ಹೆಂಚು ಇದು" ಅಂದರು. ಅಲ್ಲೇ ನಾನು ವಾಪಸ್ ಹೊರಡಬೇಕಿತ್ತು. ಹೊರಡಲಿಲ್ಲ. ಇಷ್ಟು ದೂರ ಬಂದು ಕಲ್ಲಿನ ರಥ ನೋಡದೆ ಹೋಗೋದಾ ಅಂತ ಮಟಮಟ ಮಧ್ಯಾಹ್ನ ವಿಠ್ಠಲ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ರಥದ ಮುಂದೆ ಫೋಟೊ ತೆಗೆಯುತ್ತಿದ್ದಾಗ ಅಮ್ಮ ಕಣ್ಣು ಕತ್ತಲೆ ಬಂತು ಅಂತ ಮಂಟಪದ ಮೆಟ್ಟಿಲ ಮೇಲೆ ಕುಸಿದು ಕೂತರು. ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮರು ಟವೆಲ್ ಒದ್ದೆ ಮಾಡಿ ಕೊಟ್ಟರು. ಓಆರ್‌ಎಸ್ ಕುಡಿಸಿ, ಬ್ಯಾಟರಿ ಗಾಡಿಯಲ್ಲಿ ಕೂರಿಸಿ ರೂಮಿಗೆ ಕರೆತಂದೆವು. ಮಾರನೇ ದಿನವೆಲ್ಲ ಅವರು ಫ್ಯಾನಿನ ಕೆಳಗೇ ಮಲಗಿದ್ದರು. ಆ ಭಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಂಜೆ ಮಕ್ಕಳನ್ನು ಹೇಮಕೂಟಕ್ಕೆ ಕರೆದುಕೊಂಡು ಹೋದೆ. ಸೂರ್ಯ ಮುಳುಗಿದ ಮೇಲೂ ಬಂಡೆ ಮೇಲೆ ಕೂರಲಾಗಲಿಲ್ಲ, ಅಷ್ಟು ಕಾದಿತ್ತು. ಹಂಪಿಯ ಸುತ್ತ ಇರುವುದೆಲ್ಲ ಕಣಶಿಲೆಯ, ಅಂದರೆ ಗ್ರಾನೈಟ್ ಬಂಡೆ. ಹಗಲೆಲ್ಲ ಬಿಸಿಲು ಕುಡಿಯುತ್ತದೆ, ರಾತ್ರಿ ಅದನ್ನೇ ಹೊರಗೆ ಬಿಡುತ್ತದೆ. ಮೊಬೈಲಿನಲ್ಲಿ 40 ಡಿಗ್ರಿ ಅಂತ ತೋರಿಸಿದರೆ ಅದು ನೆರಳಿನ ಲೆಕ್ಕ. ಮೇಲೆ ಸೂರ್ಯ, ಸುತ್ತ ಬಂಡೆ, ಕೆಳಗೆ ಕಲ್ಲು ಚಪ್ಪಡಿ, ಇವುಗಳ ನಡುವೆ ನಿಂತವರಿಗೆ ಅದು 40 ಅಲ್ಲ. ಕಲ್ಯಾಣ ಕರ್ನಾಟಕದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಅಲ್ಲೇ ಹುಟ್ಟಿ ಬೆಳೆದವರು ಮಧ್ಯಾಹ್ನ ಮನೆ ಸೇರುವ ಹೊತ್ತಿಗೆ ನಾವು ಟೋಪಿ ಹಾಕಿಕೊಂಡು ಹೊರಗೆ ಬೀಳುತ್ತೇವೆ.

ಮರುವರ್ಷ ಆಗಸ್ಟ್ 15ರ ರಜೆಗೆ ಶನಿವಾರ, ಭಾನುವಾರ ಸೇರಿಸಿಕೊಂಡು ಹಂಪಿಗೇ ಮತ್ತೆ ಹೋದೆವು. ಎಲ್ಲರೂ ಬೈದರು, ಮಳೆಗಾಲದಲ್ಲಿ ಯಾರಾದರೂ ಹೋಗ್ತಾರಾ ಅಂತ. ಆಗುಂಬೆಗೆ ಆ ಮಾತು ಸರಿ. ಹಂಪಿ ಇರೋದು ಘಟ್ಟದ ಮಳೆ ನೆರಳಿನಲ್ಲಿ. ಸಮುದ್ರದಿಂದ ಬರುವ ಮೋಡ ತನ್ನ ನೀರಿನ ಬಹುಪಾಲನ್ನು ಮಲೆನಾಡಿನಲ್ಲೇ ಸುರಿದು ಬರುತ್ತದೆ. ಇಲ್ಲಿಗೆ ಉಳಿಯೋದು ಮೋಡದ ನೆರಳು, ಜೋರು ಗಾಳಿ, ಆಗಾಗ ಜರಡಿ ಹಿಡಿದ ಹಾಗೆ ಒಂದಿಷ್ಟು ತುಂತುರು. ಇಲ್ಲಿ ಜಾಸ್ತಿ ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಪುಷ್ಯ, ಆಶ್ಲೇಷ ಮಳೆಯ ದಿನಗಳು, ಅಂದರೆ ಜುಲೈ 20ರಿಂದ ಆಗಸ್ಟ್ ಮಧ್ಯದವರೆಗೆ, ನನ್ನಂಥವರಿಗೆ ಹೇಳಿ ಮಾಡಿಸಿದ ಹಾಗಿವೆ.

ಆ ಸಲ ತುಂಗಭದ್ರಾ ಅಣೆಕಟ್ಟೆ ತುಂಬಿ ನದಿಗೆ ನೀರು ಬಿಟ್ಟಿದ್ದರು. ಮಲೆನಾಡಿನಲ್ಲಿ ಬಿದ್ದ ಮಳೆಯೆಲ್ಲ ಕೆಂಪಗೆ ನಮ್ಮ ಕಣ್ಣೆದುರು ಹರಿಯುತ್ತಿತ್ತು. ಪುರಂದರ ಮಂಟಪದ ಮೇಲ್ಚಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಮ್ಮ ದಡದಿಂದ ದೂರ ನಿಂತು ಕೈ ಮುಗಿದರು, ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ನೀರು ಹೀಗೆ ಬಂದಾಗ ನದಿ ದಾಟಿಸುವ ದೋಣಿ ನಿಲ್ಲಿಸುತ್ತಾರೆ, ಇದು ಗೊತ್ತಿರಲಿ. ನಾವು ಕಡೇಬಾಗಿಲು ಸೇತುವೆ ಮೇಲೆ ಸುತ್ತಿಕೊಂಡು ಆಚೆ ದಡದ ಆನೆಗೊಂದಿ ಕಡೆಗೆ ಹೋದೆವು. ಅಲ್ಲಿಂದ ಅಂಜನಾದ್ರಿ. 575 ಮೆಟ್ಟಿಲು. ಹಿಂದಿನ ವರ್ಷ ಮಂಟಪದ ಮೆಟ್ಟಿಲ ಮೇಲೆ ಕುಸಿದಿದ್ದ ಅಮ್ಮ, ಅರವತ್ತೈದು ವಯಸ್ಸು ಅವರಿಗೆ, ಅಲ್ಲಲ್ಲಿ ಕೂತು ಎದ್ದು ಅಷ್ಟನ್ನೂ ಹತ್ತಿದರು. ಮೇಲೆ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಕೆಳಗೆ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು.

ಬೇಸಿಗೆಗೆ ಊಟಿ ಇದೆಯಲ್ಲ ಅಂತೀರಾ? ಅಲ್ಲಿಗೆ ನುಗ್ಗುವ ಗಾಡಿಗಳು ಎಷ್ಟಾಗಿವೆ ಅಂದರೆ 2024ರ ಮೇ ತಿಂಗಳಿಂದ ಇ-ಪಾಸ್ ಮಾಡಿದ್ದಾರೆ. ಕರಾವಳಿಯಲ್ಲಿ ಮೇ ತಿಂಗಳ ಡಿಗ್ರಿ ಬಳ್ಳಾರಿಗಿಂತ ಕಡಿಮೆ, ಆದರೆ ಬೆವರು ಆರುವುದೇ ಇಲ್ಲ. ಉಡುಪಿ, ಗೋಕರ್ಣಕ್ಕೆ ಡಿಸೆಂಬರ್, ಜನವರಿಯೇ ವಾಸಿ. ಹಂಪಿಗೂ ಆ ತಿಂಗಳು ಒಳ್ಳೆಯದೇ, ಆದರೆ ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ.

ಶಾಲೆಯ ರಜೆ ಅನ್ನೋದು ನಿಜವಾದ ಕಷ್ಟ, ಗೊತ್ತು. ಆದರೆ ವಾರಗಟ್ಟಲೆ ರಜೆ ಬೇಕಾಗಿಲ್ಲ, ಹಂಪಿಗೆ ಮೂರು ದಿನ ಸಾಕು. ಸ್ವಾತಂತ್ರ್ಯ ದಿನ ಶುಕ್ರವಾರವೋ ಸೋಮವಾರವೋ ಬಂದರೆ ಅಷ್ಟು ಸಿಕ್ಕೇ ಸಿಗುತ್ತದೆ. ವರಮಹಾಲಕ್ಷ್ಮಿ ಹಬ್ಬ ಬರೋದೇ ಶುಕ್ರವಾರ, ಶಾಲೆಯವರು ರಜೆ ಕೊಟ್ಟರೆ ಅದೂ ಆಗುತ್ತದೆ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ರೂಮು ಸೇರಿ. ಮತ್ತೆ ನಾಲ್ಕೂವರೆ ಆಗುವವರೆಗೆ ಹೊರಗೆ ಬರಬೇಡಿ. ವಯಸ್ಸಾದವರು ಜೊತೆಗಿದ್ದರೆ ಮಾತ್ರ ದಯವಿಟ್ಟು ಮುಂದಕ್ಕೆ ಹಾಕಿ. ನಮ್ಮ ಖುಷಿ ಹಾಳು ಮಾಡಬಾರದು ಅಂತ ಅವರು ಸುಸ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಮ್ಮ ಕೂಡ ಬೀಳುವವರೆಗೆ ಹೇಳಲಿಲ್ಲ.

ಈ ಸಲ ಬಾದಾಮಿಗೆ ಹೋಗೋಣ ಅಂತ ಅಮ್ಮನೇ ಹೇಳಿದ್ದಾರೆ. ಒಳ್ಳೆ ಮಳೆಯಾದರೆ ಅಲ್ಲಿನ ಕೆಂಪು ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಅದನ್ನು ನೋಡಬೇಕಂತೆ. ಮಳೆ ಬಿದ್ದ ಸುದ್ದಿ ಬಂದ ಕೂಡಲೇ ಹೊರಡೋದು ಅಂತ ಬ್ಯಾಗು ಆಗಲೇ ಕೆಳಗಿಳಿಸಿ ಇಟ್ಟಿದ್ದಾರೆ. ಬಾದಾಮಿ ಕಡೆಯವರು ಯಾರಾದರೂ ಇದ್ದರೆ, ನೀರು ಬಂದ ದಿನ ಇಲ್ಲೊಂದು ಮಾತು ಹಾಕಿ.