ಆ ಓಟದಲ್ಲಿ ಕ್ಯಾಮೆರಾ ಹಿಡಿದು ಓಡಿದವರು

ಈಗಷ್ಟೇ ಒಂದು ಸಿನಿಮಾ ಪೇಜ್‌ನಲ್ಲಿ ‘ದಾಸ್ ಬೂಟ್’ ಅನ್ನೋ ಜರ್ಮನ್ ಸಬ್‌ಮರೀನ್ ಚಿತ್ರದ ಆ ದೃಶ್ಯ ನೋಡಿದೆ. ಅಲಾರಂ ಹೊಡೆಯುತ್ತದೆ. ಸಬ್‌ಮರೀನ್ ತಕ್ಷಣ ಮುಳುಗಬೇಕು. ಮುಂಭಾಗಕ್ಕೆ ಭಾರ ಬೀಳಲಿ ಅಂತ ಕೈ ಖಾಲಿ ಇರುವ ನಾವಿಕರೆಲ್ಲ ಆ ಕಡೆ ಓಡುತ್ತಾರೆ. ಅವರ ಜೊತೆ ಕ್ಯಾಮೆರಾನೂ ಓಡುತ್ತದೆ. ಕೆಳಗೆ ನಿರ್ದೇಶಕರನ್ನು ಹೊಗಳಿ ಒಂದೇ ಸಾಲು: ‘ವೋಲ್ಫ್‌ಗಾಂಗ್ ಪೀಟರ್ಸನ್ ಮ್ಯಾಜಿಕ್’. ಕಾಮೆಂಟ್‌ಗಳನ್ನೆಲ್ಲ ಓದಿದೆ. ಆ ಚಿತ್ರದ ಛಾಯಾಗ್ರಾಹಕ ಯೋಸ್ಟ್ ವಕಾನೊ ಹೆಸರು ಎಲ್ಲೂ ಇಲ್ಲ.

ಒಂದು ಕಾಲದಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದವನು ನಾನು. ಇಂಥದ್ದು ಕಂಡರೆ ನನಗೆ ಎಷ್ಟು ಸಿಟ್ಟು ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಮ್ಯೂನಿಕ್‌ನ ಬವಾರಿಯಾ ಸ್ಟುಡಿಯೋದಲ್ಲಿ ಸಬ್‌ಮರೀನಿನ ಒಳಭಾಗವನ್ನು ನಿಜವಾದ ಅಳತೆಯಲ್ಲೇ ಕಟ್ಟಿದ್ದರು. ಹೈಡ್ರಾಲಿಕ್ ಯಂತ್ರದ ಮೇಲೆ ಕೂರಿಸಿ ಇಡೀ ಸೆಟ್ಟನ್ನು ಓಲಾಡಿಸುತ್ತಿದ್ದರು. ಬಾಗಿಲು ಅಂದರೆ ದುಂಡನೆಯ ತೂತು. ತಲೆ ಬಗ್ಗಿಸಿ, ಕಾಲು ಎತ್ತಿ ದಾಟಬೇಕು. ಓಡುವಾಗ ಚಿತ್ರ ಅಲುಗದಂತೆ ಕ್ಯಾಮೆರಾವನ್ನು ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಅದರೊಳಗೆ ನುಗ್ಗುವ ಮಾತೇ ಇಲ್ಲ. ವಕಾನೊ ಸುಮ್ನೆ ಕೈಚೆಲ್ಲಿ ಕೂರಲಿಲ್ಲ. ಚಿಕ್ಕ ಆರಿಫ್ಲೆಕ್ಸ್ ಕ್ಯಾಮೆರಾಕ್ಕೆ ಗೈರೋಸ್ಕೋಪ್ (ವೇಗವಾಗಿ ತಿರುಗುತ್ತಾ ಕ್ಯಾಮೆರಾ ವಾಲದಂತೆ ತಡೆಯುವ ಚಕ್ರ) ಜೋಡಿಸಿ ತಮ್ಮದೇ ಉಪಕರಣ ಮಾಡಿಕೊಂಡರು. ತಲೆಗೆ ಹೆಲ್ಮೆಟ್, ಮೈಗೆ ಪ್ಯಾಡ್ ಕಟ್ಟಿಕೊಂಡು ನಟರ ಜೊತೆ ಆ ತೂತುಗಳಲ್ಲಿ ನುಸುಳುತ್ತಾ ಓಡಿದರು. ಆಗ ಅವರ ವಯಸ್ಸು ನಲವತ್ತೈದು ದಾಟಿತ್ತು! ಗೈರೋಗಳ ಗದ್ದಲಕ್ಕೆ ಸೆಟ್‌ನಲ್ಲಿ ಹಿಡಿದ ಮಾತು ಬಳಸುವ ಹಾಗಿರಲಿಲ್ಲ. ಸಂಭಾಷಣೆಯನ್ನೆಲ್ಲ ಆಮೇಲೆ ಡಬ್ ಮಾಡಿದರು.

ಚಿತ್ರ ಅಂದರೆ ನಿರ್ದೇಶಕನದ್ದೇ ಅಲ್ವಾ ಅಂತ ಕೇಳುವವರಿದ್ದಾರೆ. ಪೀಟರ್ಸನ್ ದೊಡ್ಡ ನಿರ್ದೇಶಕ, ಅದರಲ್ಲಿ ಎರಡು ಮಾತಿಲ್ಲ. ಕಥೆ ನಡೆಯುವ ಕ್ರಮದಲ್ಲೇ ಚಿತ್ರೀಕರಿಸಿ, ಬಿಸಿಲು ಕಾಣದ ನಟರ ಮುಖ ಬಿಳಿಚಿಕೊಳ್ಳುವುದನ್ನೂ ಗಡ್ಡ ಬೆಳೆಯುವುದನ್ನೂ ತೆರೆಗೆ ತಂದವರು ಅವರು. ಆದರೆ ನಮಗೆ ಉಸಿರು ಕಟ್ಟಿದ ಹಾಗಾಗುತ್ತದಲ್ಲ, ಆ ಇಕ್ಕಟ್ಟಿನಲ್ಲಿ ಮೈ ತೂರಿಸಿ ಓಡಿದ್ದು ಯಾರು? ವಕಾನೊಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು ಅನ್ನುತ್ತಾರೆ. ಹೌದು, ಸಿಕ್ಕಿತ್ತು. ಚಿತ್ರಕ್ಕೆ ಒಟ್ಟು 6 ನಾಮನಿರ್ದೇಶನ ಬಂದಿದ್ದವು, ಅದರಲ್ಲಿ ಛಾಯಾಗ್ರಹಣವೂ ಒಂದು. ಅಷ್ಟಾದ ಮೇಲೂ ಹೆಸರು ಮರೆತುಬಿಟ್ಟರೆ ನಾಮನಿರ್ದೇಶನದಿಂದ ಏನು ಬಂತು?

ದುಡ್ಡಿನ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. 1981ರಲ್ಲಿ ತೆರೆಗೆ ಬಂದ ಚಿತ್ರ ಜಗತ್ತಿನ ತುಂಬಾ ಓಡಿತು. ಟಿವಿ ಸರಣಿಯಾಯಿತು, ಡಿವಿಡಿಯಾಯಿತು. ವಕಾನೊ ಕೈಗೆ ಬಂದಿದ್ದು ಮೊದಲು ಮಾತಾಡಿಕೊಂಡ ಸಂಭಾವನೆ, ಸುಮಾರು 2 ಲಕ್ಷ ಮಾರ್ಕ್ (ಆಗಿನ ಜರ್ಮನ್ ನಾಣ್ಯ). ತನಗೂ ನ್ಯಾಯವಾದ ಪಾಲು ಬೇಕು ಅಂತ ಅವರು ಹತ್ತು ವರ್ಷಕ್ಕೂ ಜಾಸ್ತಿ ಕೋರ್ಟಿನಲ್ಲಿ ಬಡಿದಾಡಬೇಕಾಯಿತು. ಮ್ಯೂನಿಕ್‌ನ ಕೋರ್ಟು ಅವರ ಪರ ಹಣದ ತೀರ್ಪು ಕೊಡುವ ಹೊತ್ತಿಗೆ ವಯಸ್ಸು 80 ದಾಟಿತ್ತು.

ಈ ಚಿತ್ರ ನೋಡದವರು 1997ರಲ್ಲಿ ಬಂದ ಮೂರೂವರೆ ಗಂಟೆಯ ಆವೃತ್ತಿಯನ್ನೇ ಹುಡುಕಿ ನೋಡಿ. ಜರ್ಮನ್ ಭಾಷೆಯಲ್ಲೇ ನೋಡಿ. ದಯವಿಟ್ಟು ಹೆಸರುಗಳು ಬರುವಾಗ ಫಾರ್ವರ್ಡ್ ಮಾಡಬೇಡಿ.